ಪಿಎಫ್, ಎನ್‌ಪಿಎಸ್ ಹಣ ತೆಗೆಯುವ ಮುನ್ನ: ಯಾವ ದಾರಿಗೆ ಎಷ್ಟು ತೆರಿಗೆ?

ಪಿಎಫ್ ಹಣ ಬ್ಯಾಂಕ್ ಖಾತೆಗೆ ಬಿದ್ದ ದಿನ ಯಾರೂ ತೆರಿಗೆ ಬಗ್ಗೆ ಯೋಚಿಸುವುದಿಲ್ಲ. ಹತ್ತು ಪರ್ಸೆಂಟ್ ಮುರಿದುಕೊಂಡೇ ಕೊಟ್ಟಿದ್ದಾರೆ, ಅಲ್ಲಿಗೆ ಲೆಕ್ಕ ಚುಕ್ತಾ ಅಂದುಕೊಂಡು ಕೈಸಾಲ ತೀರಿಸುತ್ತೇವೆ, ಗಾಡಿ ಕೊಳ್ಳುತ್ತೇವೆ, ಮನೆಗೆ ಸುಣ್ಣಬಣ್ಣ ಮಾಡಿಸುತ್ತೇವೆ. ಮುಂದಿನ ಜುಲೈನಲ್ಲಿ ರಿಟರ್ನ್ಸ್ ಹಾಕಲು ಕೂತಾಗ ಪೋರ್ಟಲ್ ಇನ್ನೂ ನಲವತ್ತೋ ಐವತ್ತೋ ಸಾವಿರ ಕಟ್ಟಿ ಅನ್ನುತ್ತದೆ. ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ.

ಇದಕ್ಕೆಲ್ಲ ಕಾರಣ ಒಂದೇ. ಹಣ ತೆಗೆಯಲು ಬಿಡುವ ಕಚೇರಿ ಬೇರೆ, ತೆರಿಗೆ ಕೇಳುವ ಕಚೇರಿ ಬೇರೆ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಅಥವಾ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್‌ನವರು "ಇಷ್ಟು ತೆಗೆಯಬಹುದು" ಅಂದರೆ ಅಷ್ಟಕ್ಕೂ ತೆರಿಗೆ ಇಲ್ಲ ಅಂತಲ್ಲ. ಹಣ ಕೊಡುವಾಗಲೇ ಅವರು ಮುರಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್ ಕೂಡ ನಿಮ್ಮ ಪೂರ್ತಿ ತೆರಿಗೆ ಅಲ್ಲ, ಅದು ಅಡ್ವಾನ್ಸ್ ಅಷ್ಟೇ. ಹಾಗಾಗಿ ಕೆಳಗೆ ಒಂದೊಂದು ದಾರಿಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಕೊನೆಗೆ ಕೈಯಲ್ಲಿ ಉಳಿಯುವುದೆಷ್ಟು, ಮತ್ತು ಬಿಲ್ಲು ಯಾವಾಗ ಬರುತ್ತದೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾನೂನಿನ ಸೆಕ್ಷನ್ ನಂಬರ್‌ಗಳನ್ನು ಆದಷ್ಟು ಬಿಟ್ಟಿದ್ದೇನೆ. 2026ರ ಏಪ್ರಿಲ್ 1ರಿಂದ 1961ರ ಹಳೇ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ, ನಂಬರ್‌ಗಳೆಲ್ಲ ಬದಲಾಗಿವೆ. ನಿಮ್ಮ ಆಡಿಟರ್ ಹಳೇ ನಂಬರಿನಲ್ಲೇ ಮಾತಾಡಿದರೆ ಗಾಬರಿ ಬೇಡ.

ಕೆಲಸ ಬಿಟ್ಟಾಗ: ಪಿಎಫ್ ತೆಗೆಯಬೇಕಾ, ಟ್ರಾನ್ಸ್‌ಫರ್ ಮಾಡಬೇಕಾ, ಹಾಗೇ ಬಿಡಬೇಕಾ?

ಇಲ್ಲಿ ಎಲ್ಲವೂ ನಿಂತಿರುವುದು ಐದು ವರ್ಷ ಎಂಬ ಗೆರೆಯ ಮೇಲೆ. ಸತತ ಐದು ವರ್ಷ ಸರ್ವಿಸ್ ಆಗಿದ್ದರೆ ಪಿಎಫ್ ಹಣ ಪೂರ್ತಿ ತೆಗೆದರೂ ಸಾಮಾನ್ಯವಾಗಿ ತೆರಿಗೆ ಇಲ್ಲ. ಆಗಿಲ್ಲದಿದ್ದರೆ ಇದೆ. ಮೊತ್ತ 50 ಸಾವಿರ ಮುಟ್ಟಿದರೆ ಶೇ 10 ಟಿಡಿಎಸ್ ಮುರಿಯುತ್ತಾರೆ. ಪ್ಯಾನ್ ಕೊಟ್ಟಿಲ್ಲದಿದ್ದರೆ ಅದು ಶೇ 20 ಆಗುತ್ತದೆ. 2023ಕ್ಕೆ ಮುಂಚೆ ಪ್ಯಾನ್ ಇಲ್ಲದವರಿಗೆ ಇನ್ನೂ ಜಾಸ್ತಿ, ಹೆಚ್ಚುಕಡಿಮೆ ಶೇ 35ರಷ್ಟು ಹೋಗುತ್ತಿತ್ತು.

ಜನ ಎಡವುವುದು ಇದರ ನಂತರ. ಐದು ವರ್ಷದ ಒಳಗೆ ತೆಗೆದರೆ ತೆರಿಗೆ ಇಲಾಖೆ ನಿಮ್ಮ ಪಿಎಫ್ ಹಣವನ್ನು ನಾಲ್ಕು ಪಾಲು ಮಾಡಿ ನೋಡುತ್ತದೆ. ಕಂಪನಿ ಹಾಕಿದ ಹಣ ಮತ್ತು ಅದರ ಬಡ್ಡಿ ಸಂಬಳದ ಲೆಕ್ಕಕ್ಕೆ ಹೋಗುತ್ತದೆ. ನಿಮ್ಮ ಪಾಲಿನ ಮೇಲೆ ಬಂದ ಬಡ್ಡಿ ಇತರ ಆದಾಯಕ್ಕೆ. ಉಳಿಯುವುದು ನಿಮ್ಮ ಸಂಬಳದಿಂದ ಕಟ್ ಆಗಿದ್ದ ಅಸಲು. ಅದಕ್ಕೆ ನೀವು ಹಳೇ ತೆರಿಗೆ ಪದ್ಧತಿಯಲ್ಲಿ 80ಸಿ ಅಂತ ಉಳಿತಾಯಕ್ಕೆ ಸಿಗುವ ರಿಯಾಯಿತಿ ತೆಗೆದುಕೊಂಡಿದ್ದರೆ ಆ ರಿಯಾಯಿತಿ ವಾಪಸ್ ಕೊಡಬೇಕು. ಹೊಸ ಪದ್ಧತಿಯಲ್ಲಿದ್ದು 80ಸಿ ಮುಟ್ಟೇ ಇಲ್ಲದಿದ್ದರೆ ಆ ಅಸಲಿಗೆ ತೆರಿಗೆ ಇಲ್ಲ, ಒಮ್ಮೆ ಕಟ್ಟಿಯಾಗಿದೆ. ಒಟ್ಟಿನಲ್ಲಿ ಈ ಪಿಎಫ್‌ಗೆ ತೆರಿಗೆ ವಿನಾಯಿತಿ ಶುರುವಿನಿಂದಲೂ ಇರಲೇ ಇಲ್ಲ ಎಂಬಂತೆ ಹಿಂದಿನ ವರ್ಷಗಳ ಲೆಕ್ಕ ಮತ್ತೆ ಹಾಕುತ್ತಾರೆ.

ಅಂಕಿ ಹಾಕಿ ನೋಡೋಣ. ನಿಮ್ಮ ಕೈಗೆ ಬರಬೇಕಾದ್ದು 4.5 ಲಕ್ಷ. ಟಿಡಿಎಸ್ 45,000 ಹೋಗಿ 4,05,000 ಬಂತು. ಈ 4.5 ಲಕ್ಷದಲ್ಲಿ ತೆರಿಗೆಗೆ ಒಳಪಡುವ ಭಾಗ 3 ಲಕ್ಷ ಎಂದಿಟ್ಟುಕೊಳ್ಳಿ, ನೀವು ಆ ವರ್ಷಗಳಲ್ಲಿ ಶೇ 30ರ ಸ್ಲ್ಯಾಬ್‌ನಲ್ಲಿದ್ದವರು. ಸೆಸ್ ಸೇರಿ ಶೇ 31.2, ಅಂದರೆ 93,600 ರೂಪಾಯಿ. ಮುರಿದಿದ್ದು 45,000. ಬಾಕಿ 48,600. ಇದೇ ಜುಲೈನಲ್ಲಿ ಬರುವ ಬಿಲ್ಲು. ಶೇ 5ರ ಸ್ಲ್ಯಾಬ್‌ನಲ್ಲಿದ್ದವರಿಗೆ ಉಲ್ಟಾ, ಮುರಿದದ್ದೇ ಜಾಸ್ತಿಯಾಗಿ ರಿಫಂಡ್ ಬರುತ್ತದೆ, ಆದರೆ ರಿಟರ್ನ್ಸ್ ಹಾಕಿದರೆ ಮಾತ್ರ. ಎಷ್ಟೋ ಜನ ಹಾಕುವುದೇ ಇಲ್ಲ, ಹಣ ಅಲ್ಲೇ ಉಳಿದುಬಿಡುತ್ತದೆ.

ಈಗ ಟ್ರಾನ್ಸ್‌ಫರ್ ದಾರಿ. ಮೊದಲ ಕಂಪನಿಯಲ್ಲಿ ಮೂರು ವರ್ಷ, ಎರಡನೆಯದರಲ್ಲಿ ಎರಡೂವರೆ ವರ್ಷ ಕೆಲಸ ಮಾಡಿದ್ದೀರಿ ಅಂದುಕೊಳ್ಳಿ. ಮೊದಲ ಪಿಎಫ್ ತೆಗೆದು, ಆಮೇಲೆ ಎರಡನೆಯದನ್ನೂ ತೆಗೆದರೆ ಎರಡಕ್ಕೂ ತೆರಿಗೆ, ಯಾಕೆಂದರೆ ಎರಡೂ ಐದರ ಒಳಗೆ. ಮೊದಲನೆಯದನ್ನು ಎರಡನೆಯದಕ್ಕೆ ಟ್ರಾನ್ಸ್‌ಫರ್ ಮಾಡಿದ್ದರೆ ಸರ್ವಿಸ್ ಐದೂವರೆ ವರ್ಷ ಆಗುತ್ತದೆ, ಆಗ ತೆಗೆದರೆ ಒಂದು ರೂಪಾಯಿ ತೆರಿಗೆ ಇಲ್ಲ. ಅದೇ ದುಡಿಮೆ, ಅದೇ ಹಣ. ವ್ಯತ್ಯಾಸ ಒಂದು ಆನ್‌ಲೈನ್ ಅರ್ಜಿ ಮಾತ್ರ. ನನ್ನನ್ನು ಕೇಳಿದರೆ, ಇನ್ನೊಂದು ಕೆಲಸ ಸಿಕ್ಕಿದೆ ಅಂದಮೇಲೆ ಐದು ವರ್ಷ ಆಗದ ಪಿಎಫ್ ತೆಗೆಯಲು ನಿಜವಾದ ತುರ್ತು ಬಿಟ್ಟು ಬೇರೆ ಕಾರಣವೇ ಇಲ್ಲ.

ಆದರೆ ಟ್ರಾನ್ಸ್‌ಫರ್ ಆಗಿದೆ ಅಂತ ಸುಮ್ನೆ ನಂಬಬೇಡಿ. ಯುಎಎನ್, ಅಂದರೆ ಪಿಎಫ್ ಸದಸ್ಯರಿಗೆ ಕೊಡುವ ಕಾಯಂ ನಂಬರ್, ಒಂದೇ ಇದೆ ಅಂದಮಾತ್ರಕ್ಕೆ ಹಣ ತಾನಾಗೇ ಸೇರಿರುತ್ತದೆ ಅಂತೇನಿಲ್ಲ. ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆಗೆದು ನೋಡಿ. ಹಳೇ ಕಂಪನಿಯ ಹೆಸರಿನ ಮುಂದೆ ಸೇರಿದ ದಿನ, ಬಿಟ್ಟ ದಿನ ಎರಡೂ ಇವೆಯಾ? ಬಿಟ್ಟ ದಿನ ಖಾಲಿ ಇದ್ದರೆ ಟ್ರಾನ್ಸ್‌ಫರ್ ಮುಂದಕ್ಕೆ ಹೋಗುವುದಿಲ್ಲ. ಪಾಸ್‌ಬುಕ್‌ನಲ್ಲಿ ಹಳೇ ಖಾತೆಯ ಮೊತ್ತ ಸೊನ್ನೆಯಾಗಿ, ಹೊಸದರಲ್ಲಿ ಬಂದು ಕೂತಿದೆಯಾ? ಎರಡು ಯುಎಎನ್ ಆಗಿಬಿಟ್ಟಿದ್ದರೆ ಇಪಿಎಫ್‌ಒ ಕಣ್ಣಿಗೆ ನಿಮ್ಮ ಕೊನೇ ಕೆಲಸ ಮಾತ್ರ ಕಾಣುತ್ತದೆ, ಹತ್ತು ವರ್ಷ ದುಡಿದವರಿಗೂ ಟಿಡಿಎಸ್ ಮುರಿದು ಕಳಿಸುತ್ತಾರೆ. ಕೆಲವು ದೊಡ್ಡ ಕಂಪನಿಗಳು ಪಿಎಫ್ ಅನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟಿರುತ್ತವೆ. ಅಲ್ಲಿಂದ ಬರುವವರು ಅನೆಕ್ಸರ್ ಕೆ ಎಂಬ ಕಾಗದ ಕೇಳಿ ಇಟ್ಟುಕೊಳ್ಳಿ, ನಿಮ್ಮ ಹಳೇ ಸರ್ವಿಸ್ ಎಷ್ಟು ಅಂತ ಅದರಲ್ಲಿರುತ್ತದೆ.

ಐದು ವರ್ಷದ ಒಳಗೇ ಆದರೂ ತೆರಿಗೆ ಇಲ್ಲದ ಸಂದರ್ಭಗಳಿವೆ. ಕಾಯಿಲೆಯಿಂದ ಕೆಲಸ ಹೋದರೆ, ಕಂಪನಿಯೇ ಬಾಗಿಲು ಮುಚ್ಚಿದರೆ, ಅಥವಾ ನಿಮ್ಮ ಕೈಮೀರಿದ ಬೇರೆ ಕಾರಣಕ್ಕೆ ಕೆಲಸ ಹೋದರೆ ವಿನಾಯಿತಿ ಉಂಟು. ನೀವಾಗೇ ರಾಜೀನಾಮೆ ಕೊಟ್ಟರೆ ಇದು ಸಿಗುವುದಿಲ್ಲ. ಹಾಗಾಗಿ ಬಿಡುಗಡೆ ಪತ್ರದಲ್ಲಿ ಏನು ಕಾರಣ ಬರೆದಿದ್ದಾರೆ ಅಂತ ಓದಿ. ಪಿಎಫ್ ಹಣವನ್ನು ನೇರವಾಗಿ ಎನ್‌ಪಿಎಸ್ ಖಾತೆಗೆ ವರ್ಗಾಯಿಸಿದರೂ ತೆರಿಗೆ ಬೀಳುವುದಿಲ್ಲ, ಆದರೆ ಅಲ್ಲಿಗೆ ಹೋದ ಹಣ ಎನ್‌ಪಿಎಸ್ ನಿಯಮಕ್ಕೆ ಕಟ್ಟುಬೀಳುತ್ತದೆ.

ಮೂರನೆಯದು, ಏನೂ ಮಾಡದೆ ಹಾಗೇ ಬಿಡುವುದು. ಇದು ತುಂಬಾ ಸೇಫ್ ಅನ್ನಿಸುತ್ತದೆ. ಬಡ್ಡಿ ಬರುತ್ತಲೇ ಇರುತ್ತದೆ, 2024-25ಕ್ಕೆ ಶೇ 8.25 ಕೊಟ್ಟರು, ಬ್ಯಾಂಕ್‌ನಲ್ಲಿ ಅಷ್ಟೆಲ್ಲಿದೆ? ಆದರೆ ಕೆಲಸ ಬಿಟ್ಟ ದಿನದಿಂದ ಆಚೆಗೆ ಕೂಡುವ ಬಡ್ಡಿಗೆ ತೆರಿಗೆ ಇದೆ. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಕೇಸಿನಲ್ಲಿ ಕಂಪನಿಯೊಂದರ ಉದ್ಯೋಗಿ 2002ರಲ್ಲಿ ನಿವೃತ್ತರಾದಾಗ ಪಿಎಫ್‌ನಲ್ಲಿ ಸುಮಾರು 38 ಲಕ್ಷ ಇತ್ತು. ಅವರು ಮುಟ್ಟಲಿಲ್ಲ. 2011ರಲ್ಲಿ ತೆಗೆದಾಗ 82 ಲಕ್ಷ ಆಗಿತ್ತು. ನಡುವಿನ ಒಂಬತ್ತು ವರ್ಷದಲ್ಲಿ ಬೆಳೆದ 44 ಲಕ್ಷ ಬಡ್ಡಿಗೆ ತೆರಿಗೆ ಕಟ್ಟಲೇಬೇಕು ಎಂದಾಯಿತು. ಐದು ವರ್ಷದ ಗೆರೆ ಯಾವತ್ತೋ ದಾಟಿದವರಿಗೇ ಹೀಗಾಯಿತು, ಗಮನಿಸಿ. ಐದು ವರ್ಷದ ವಿನಾಯಿತಿ ಕಾಯುವುದು ಕೆಲಸದಲ್ಲಿದ್ದಾಗ ಕೂಡಿದ ಹಣವನ್ನು ಮಾತ್ರ.

ಹಾಗಂತ ಹಾಗೇ ಬಿಡುವುದು ತಪ್ಪು ಅಂತಲ್ಲ. ಬಡ್ಡಿಗೆ ತೆರಿಗೆ ಕಟ್ಟಿದ ಮೇಲೂ ಎಫ್‌ಡಿಗಿಂತ ಮೇಲೇ ಇರಬಹುದು. ವರ್ಷವರ್ಷವೂ ಆ ಬಡ್ಡಿಯನ್ನು ರಿಟರ್ನ್ಸ್‌ನಲ್ಲಿ ತೋರಿಸುತ್ತಾ ಹೋಗಿ. ಒಂಬತ್ತು ವರ್ಷದ್ದನ್ನು ಒಟ್ಟಿಗೆ ಒಂದೇ ವರ್ಷದ ತಲೆಗೆ ಕಟ್ಟಿಕೊಂಡರೆ ಸ್ಲ್ಯಾಬ್ ಮೇಲಕ್ಕೆ ಹಾರುತ್ತದೆ.

ಪೂರ್ತಿ ತೆಗೆಯದೆ ಫಾರ್ಮ್ 31ರಲ್ಲಿ ಮುಂಗಡ ತೆಗೆಯುವುದೂ ಒಂದು ದಾರಿ. ಮದುವೆ, ಓದು, ಆಸ್ಪತ್ರೆ, ಮನೆ ಇಂಥದ್ದಕ್ಕೆ. ಇದರ ದೊಡ್ಡ ಲಾಭ ಅಂದರೆ ಖಾತೆ ಜೀವಂತ ಇರುತ್ತದೆ, ಸರ್ವಿಸ್ ಎಣಿಕೆ ನಿಲ್ಲುವುದಿಲ್ಲ. ನಾಲ್ಕು ವರ್ಷ ಆಗಿದೆ, ಆಸ್ಪತ್ರೆ ಬಿಲ್ಲಿಗೆ ಹಣ ಬೇಕು ಅಂದರೆ ಫಾರ್ಮ್ 19 ಹಾಕಿ ಖಾತೆ ಮುಗಿಸುವುದಕ್ಕಿಂತ ಇದು ಎಷ್ಟೋ ವಾಸಿ. ಇಪಿಎಫ್‌ಒ ಟ್ರಸ್ಟಿಗಳ ಮಂಡಳಿ 2025ರ ಅಕ್ಟೋಬರ್‌ನಲ್ಲಿ ಈ ಮುಂಗಡದ ನಿಯಮಗಳನ್ನು ಸಡಿಲ ಮಾಡಲು ಒಪ್ಪಿತು, ಹಾಗೇ ಖಾತೆಯಲ್ಲಿ ಶೇ 25 ಉಳಿಸಲೇಬೇಕು, ಕೆಲಸ ಬಿಟ್ಟವರು ಪೂರ್ತಿ ಸೆಟ್ಲ್‌ಮೆಂಟ್‌ಗೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದೂ ತೀರ್ಮಾನಿಸಿತು. ಜನ ಇದನ್ನು ಬೈದರು. ತೆರಿಗೆ ಕಣ್ಣಿನಿಂದ ನೋಡಿದರೆ ಮಾತ್ರ ಈ ಕಾಯುವಿಕೆ ಒಳ್ಳೆಯದೇ, ಅವಸರದಲ್ಲಿ ಖಾತೆ ಮುಚ್ಚುವವರಿಗೆ ಇನ್ನೊಂದು ಕೆಲಸ ಸಿಕ್ಕಿ ಟ್ರಾನ್ಸ್‌ಫರ್ ಮಾಡಿಕೊಳ್ಳಲು ಟೈಮ್ ಸಿಗುತ್ತದೆ.

15ಜಿ ಹಾಕಿದರೆ ತೆರಿಗೆ ಹೋಗುತ್ತಾ?

ಹೋಗುವುದಿಲ್ಲ. ಇದನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ಸೈಬರ್ ಸೆಂಟರ್‌ಗಳಲ್ಲಿ ಪಿಎಫ್ ಕ್ಲೇಮ್ ಹಾಕಿಕೊಡುವವರು ಎಲ್ಲರಿಗೂ ಒಂದೇ ಔಷಧಿ ಅನ್ನುವ ಹಾಗೆ ಇದನ್ನು ಅಪ್‌ಲೋಡ್ ಮಾಡಿಬಿಡುತ್ತಾರೆ. 15ಜಿ, ಅರವತ್ತು ದಾಟಿದವರಿಗೆ 15ಎಚ್, ಅಂತ ನಾವು ಕರೆಯುವ ಕಾಗದ ಒಂದು ಘೋಷಣೆ. "ಈ ವರ್ಷ ನನ್ನ ಒಟ್ಟು ಆದಾಯಕ್ಕೆ ತೆರಿಗೆ ಬರುವುದಿಲ್ಲ, ಆದ್ದರಿಂದ ಮುರಿಯಬೇಡಿ" ಅಂತ ನೀವು ಸಹಿ ಹಾಕಿ ಹೇಳುವುದು. ಆ ಮಾತು ನಿಜವಾಗಿದ್ದರೆ ಹಾಕಿ, ಬಹಳ ಉಪಯೋಗ. ಕೆಲಸ ಬಿಟ್ಟು ಮನೆಯಲ್ಲಿರುವ ಹೆಣ್ಣುಮಗಳು, ಬೇರೆ ಆದಾಯ ಇಲ್ಲದ ಹುಡುಗ, ಇಂಥವರು ಸುಮ್ನೆ ಯಾಕೆ ಟಿಡಿಎಸ್ ಕೊಟ್ಟು ರಿಫಂಡ್‌ಗೆ ಕಾಯಬೇಕು? ಆದರೆ ಏಪ್ರಿಲ್‌ನಿಂದ ಸಂಬಳ ಬರುತ್ತಿದೆ, ಸ್ಲ್ಯಾಬ್ ದಾಟಿದೆ ಅಂತ ಗೊತ್ತಿದ್ದೂ ಹಾಕಿದರೆ ಅದು ಸುಳ್ಳು ಘೋಷಣೆ, ಅದಕ್ಕೆ ಶಿಕ್ಷೆಯೂ ಇದೆ. ತೆರಿಗೆಯಂತೂ ಬಂದೇ ಬರುತ್ತದೆ, ಬಡ್ಡಿ ಸಮೇತ. ನೀವು ತೆಗೆದ ಪಿಎಫ್ ತೆರಿಗೆ ಪೋರ್ಟಲ್‌ನಲ್ಲಿರುವ ನಿಮ್ಮ ಆದಾಯದ ಪಟ್ಟಿಯಲ್ಲಿ, ಅಂದರೆ ಎಐಎಸ್‌ನಲ್ಲಿ ಕಾಣುತ್ತದೆ, ಇಲಾಖೆಯವರಿಗೆ ಗೊತ್ತಾಗುವುದಿಲ್ಲ ಎಂಬ ಕಾಲ ಹೋಯಿತು.

ಎನ್‌ಪಿಎಸ್: 60, 80, ನಡುವಿನ ಆ 20

ಎನ್‌ಪಿಎಸ್‌ನಲ್ಲಿ ಎಲ್ಲರಿಗೂ ಬಾಯಿಪಾಠ ಆಗಿದ್ದ ಲೆಕ್ಕ ಇದು: ಅರವತ್ತು ವರ್ಷ ಆದಾಗ ಶೇ 60 ಇಡಿಗಂಟಾಗಿ ಬರುತ್ತದೆ, ತೆರಿಗೆ ಇಲ್ಲ. ಉಳಿದ ಶೇ 40ಕ್ಕೆ ಆನ್ಯುಟಿ ಕೊಳ್ಳಬೇಕು, ಅಂದರೆ ವಿಮಾ ಕಂಪನಿಗೆ ಕೊಟ್ಟು ತಿಂಗಳು ತಿಂಗಳು ಪಿಂಚಣಿ ಪಡೆಯಬೇಕು. ಕೊಳ್ಳುವಾಗ ತೆರಿಗೆ ಇಲ್ಲ, ಪಿಂಚಣಿ ಬಂದಾಗ ಸ್ಲ್ಯಾಬ್ ಪ್ರಕಾರ ಇದೆ.

2025ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನಿಯಂತ್ರಿಸುವ ಪಿಎಫ್‌ಆರ್‌ಡಿಎ ನಿಯಮ ಬದಲಿಸಿತು. ಸರ್ಕಾರಿ ನೌಕರರಲ್ಲದವರು ಶೇ 80ರವರೆಗೆ ಇಡಿಗಂಟು ತೆಗೆಯಬಹುದು, ಆನ್ಯುಟಿಗೆ ಶೇ 20 ಸಾಕು. ಸುದ್ದಿ ಬಂದಾಗ ಎಲ್ಲರೂ ಖುಷಿಪಟ್ಟರು. ಆದರೆ ಆ ಹೊತ್ತಿಗೆ ತೆರಿಗೆ ಕಾನೂನು ಶೇ 60ರಲ್ಲೇ ನಿಂತಿತ್ತು. ತೆಗೆಯಲು ಬಿಡುವವರು ಮುಂದೆ ಹೋದರು, ತೆರಿಗೆಯವರು ಬರಲಿಲ್ಲ. ನಡುವಿನ ಶೇ 20 ನಿಮ್ಮ ಆ ವರ್ಷದ ಆದಾಯಕ್ಕೆ ಸೇರಿ ಸ್ಲ್ಯಾಬ್‌ಗೆ ಸಿಕ್ಕಿಕೊಳ್ಳುತ್ತದೆ. ಶೇ 80 ತೆಗೆಯುವ ಯೋಚನೆ ಇದ್ದವರು ಅರ್ಜಿ ಹಾಕುವ ದಿನ ಆ ವಿನಾಯಿತಿ ಎಷ್ಟಿದೆ ಎಂದು ಮೊದಲು ನೋಡಿ. ಅಂದಹಾಗೆ 2006ರ ಏಪ್ರಿಲ್ ನಂತರ ಸೇರಿ ಎನ್‌ಪಿಎಸ್‌ನಲ್ಲಿರುವ ಕರ್ನಾಟಕ ಸರ್ಕಾರದ ನೌಕರರಿಗೆ ಈ 80ರ ಸವಲತ್ತು ಇಲ್ಲ, ಅವರದ್ದು 60 ಮತ್ತು 40ರ ಲೆಕ್ಕವೇ.

ಈಗ ಹೋಲಿಸೋಣ. 50 ಲಕ್ಷ ಕೂಡಿದೆ. ಶೇ 60 ಅಂದರೆ 30 ಲಕ್ಷ ಹೇಗೂ ತೆರಿಗೆ ಇಲ್ಲದೆ ಬರುತ್ತದೆ. ಪ್ರಶ್ನೆ ಇರುವುದು ಮೇಲಿನ 10 ಲಕ್ಷದ್ದು. ಅದನ್ನೂ ತೆಗೆಯಬೇಕಾ, ಆನ್ಯುಟಿಗೇ ಹಾಕಬೇಕಾ?

ತೆಗೆಯುವುದಾದರೆ ಯಾವಾಗ ಅನ್ನುವುದೇ ದೊಡ್ಡ ವಿಷಯ. ನೀವು ಮಾರ್ಚ್ ಕೊನೆಗೆ ನಿವೃತ್ತಿಯಾಗುತ್ತೀರಿ, ವರ್ಷಪೂರ್ತಿ ಸಂಬಳ 18 ಲಕ್ಷ ಬಂದಿದೆ, ಹೊಸ ತೆರಿಗೆ ಪದ್ಧತಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 17.25 ಲಕ್ಷ, ಅದಕ್ಕೆ ತೆರಿಗೆ 1,45,000. ಅದೇ ಮಾರ್ಚ್‌ನಲ್ಲಿ ಎನ್‌ಪಿಎಸ್‌ನಿಂದ ಹೆಚ್ಚಿನ 10 ಲಕ್ಷವನ್ನೂ ತೆಗೆದರೆ ಆದಾಯ 27.25 ಲಕ್ಷವಾಗಿ ತೆರಿಗೆ 3,97,500ಕ್ಕೆ ಏರುತ್ತದೆ. ವ್ಯತ್ಯಾಸ 2,52,500, ಸೆಸ್ ಸೇರಿ 2,62,600. ಹತ್ತು ಲಕ್ಷದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು.

ಅದೇ ಹಣವನ್ನು ಕೆಲವೇ ವಾರ ತಡೆದು ಏಪ್ರಿಲ್ ದಾಟಿದ ಮೇಲೆ ತೆಗೆಯಿರಿ. ಹೊಸ ಹಣಕಾಸು ವರ್ಷ. ಸಂಬಳ ಇಲ್ಲ, ಬ್ಯಾಂಕ್ ಬಡ್ಡಿ ಅದೂ ಇದೂ ಸೇರಿ 1.5 ಲಕ್ಷ ಅಂತಿಟ್ಟುಕೊಳ್ಳಿ. 10 ಲಕ್ಷ ಸೇರಿ 11.5 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್ ಇದೆ, 2025-26ರಿಂದ. ತೆರಿಗೆ ಸೊನ್ನೆ! 2,62,600 ಎಲ್ಲಿ, ಸೊನ್ನೆ ಎಲ್ಲಿ. ಎನ್‌ಪಿಎಸ್ ಖಾತೆಯನ್ನು ಅರವತ್ತು ತುಂಬಿದ ದಿನವೇ ಮುಚ್ಚಬೇಕು ಅಂತ ಯಾರೂ ಹೇಳಿಲ್ಲ, ಮುಂದಕ್ಕೆ ಹಾಕಲು ಅವಕಾಶ ಇದೆ. ಆದರೂ ನಿವೃತ್ತಿಯ ವಾರದಲ್ಲಿ ಆಫೀಸಿನವರು ಕೊಟ್ಟ ಫಾರ್ಮ್‌ಗಳಿಗೆಲ್ಲ ಒಟ್ಟಿಗೆ ಸಹಿ ಹಾಕಿ ಬರುವವರೇ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ತೆರಿಗೆ ಇಲ್ಲದೆ ಬಂದ ಆ 30 ಲಕ್ಷವನ್ನು ಅದೇ ವರ್ಷ ಎಫ್‌ಡಿಯಲ್ಲಿಟ್ಟರೆ ಅದರ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 7 ಅಂದರೂ 2.1 ಲಕ್ಷ. ಆಗ 12 ಲಕ್ಷದ ಗೆರೆ ದಾಟುತ್ತೀರಿ. ಗೆರೆಯಿಂದ ಸ್ವಲ್ಪವೇ ದಾಟಿದರೆ, ದಾಟಿದ ಮೊತ್ತಕ್ಕಿಂತ ತೆರಿಗೆ ಜಾಸ್ತಿ ಆಗದಂತೆ ಒಂದು ರಿಯಾಯಿತಿ ಇದೆ, ಆದರೆ ತುಂಬಾ ದಾಟಿದರೆ ಪೂರ್ತಿ ಸ್ಲ್ಯಾಬ್ ಲೆಕ್ಕ. ಹಾಗಾಗಿ ಎಲ್ಲ ಹಣ ಒಟ್ಟಿಗೆ ಬೇಕಿಲ್ಲದವರು ಕಂತಿನಲ್ಲಿ ತೆಗೆಯುವ ದಾರಿ ನೋಡಬಹುದು. ಎಸ್‌ಎಲ್‌ಡಬ್ಲ್ಯು ಅಂತ 2023ರಲ್ಲಿ ಶುರುವಾಯಿತು, ತಿಂಗಳಿಗೋ ಮೂರು ತಿಂಗಳಿಗೋ ವರ್ಷಕ್ಕೋ ಇಷ್ಟು ಅಂತ ಇಡಿಗಂಟಿನ ಭಾಗವನ್ನು ಬಿಡಿಬಿಡಿಯಾಗಿ ಪಡೆಯುವುದು. ಉಳಿದ ಹಣ ಎನ್‌ಪಿಎಸ್ ಒಳಗೇ ಬೆಳೆಯುತ್ತದೆ. ಬ್ಯಾಂಕ್ ಬಡ್ಡಿಯಂತೆ ವರ್ಷವರ್ಷ ಅದಕ್ಕೆ ತೆರಿಗೆ ಬೀಳುವುದಿಲ್ಲ. ಷೇರು ಭಾಗ ಇದ್ದರೆ ಏರಿಳಿತ ಇರುತ್ತದೆ ಅನ್ನುವುದನ್ನು ಮರೆಯಬೇಡಿ.

ಇನ್ನು ಆನ್ಯುಟಿ. ಇದನ್ನು ಬೈಯುವುದು ಈಗ ಫ್ಯಾಷನ್. ಬಡ್ಡಿ ಕಡಿಮೆ, ಹಣ ಕಟ್ಟಿಹಾಕಿದಂತೆ, ಎಲ್ಲ ನಿಜ. ಆದರೆ ಬೇರೆ ಪಿಂಚಣಿ ಇಲ್ಲದ, ಬಾಡಿಗೆ ಬರುವ ಮನೆ ಇಲ್ಲದ ಗಂಡ–ಹೆಂಡತಿಗೆ, ಇಬ್ಬರೂ ಇರುವವರೆಗೆ ತಿಂಗಳಿಗಿಷ್ಟು ಬಂದೇ ಬರುತ್ತದೆ ಅನ್ನುವುದಕ್ಕೆ ಬೆಲೆ ಇದೆ. ತೆರಿಗೆ ದೃಷ್ಟಿಯಿಂದಲೂ, ವರ್ಷಕ್ಕೆ ಒಂದೂವರೆ ಲಕ್ಷ ಆನ್ಯುಟಿ, ಒಂದೆರಡು ಲಕ್ಷ ಬಡ್ಡಿ ಬರುವವರಿಗೆ ತೆರಿಗೆಯೇ ಬರುವುದಿಲ್ಲ. ಅಂಥವರು ಶೇ 40 ಹಾಕಿದರೂ ನಷ್ಟ ಇಲ್ಲ. ಆನ್ಯುಟಿ ಬೇಡವಾದದ್ದು ಯಾರಿಗೆ ಅಂದರೆ ನಿವೃತ್ತಿಯ ನಂತರವೂ ಬಾಡಿಗೆ, ಕನ್ಸಲ್ಟಿಂಗ್ ಅಂತ ಆದಾಯ ಜೋರಾಗಿರುವವರಿಗೆ. ಅವರ ಆನ್ಯುಟಿಯ ಪ್ರತಿ ರೂಪಾಯಿಯೂ ಸಾಯುವತನಕ ಶೇ 30ಕ್ಕೆ ಸಿಗುತ್ತದೆ. ಅದೇ ಜನಕ್ಕೆ ಹೆಚ್ಚಿನ ಶೇ 20 ತೆಗೆದರೂ ಶೇ 30 ಹೋಗುತ್ತದೆ, ಆದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಒಂದು ಸಣ್ಣ ವಿಷಯ, ಬಹಳ ಜನಕ್ಕೆ ಗೊತ್ತಿಲ್ಲ. ಹಳೇ ಕಂಪನಿ ಅಥವಾ ಸರ್ಕಾರ ಕೊಡುವ ಪಿಂಚಣಿ ಸಂಬಳದ ಲೆಕ್ಕ, ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ವಿಮಾ ಕಂಪನಿಯಿಂದ ಬರುವ ಎನ್‌ಪಿಎಸ್ ಆನ್ಯುಟಿಯನ್ನು ಸಾಮಾನ್ಯವಾಗಿ ಇತರ ಆದಾಯದಲ್ಲಿ ತೋರಿಸುತ್ತಾರೆ, ಅಲ್ಲಿ ಆ 75,000 ಕಳೆಯಲು ಬರುವುದಿಲ್ಲ. ಎರಡನ್ನೂ ಪಿಂಚಣಿ ಅಂತಲೇ ಕರೆಯುತ್ತೇವೆ, ರಿಟರ್ನ್ಸ್‌ನಲ್ಲಿ ಬೇರೆ ಬೇರೆ ಕಾಲಂ.

ಅರವತ್ತಕ್ಕೆ ಮುಂಚೆ ಎನ್‌ಪಿಎಸ್‌ನಿಂದ ಹಣ ಬೇಕಾದರೆ ಖಾತೆ ಮುಚ್ಚಬೇಡಿ. ಮುಚ್ಚಿದರೆ ಶೇ 20 ಮಾತ್ರ ಕೈಗೆ, ಶೇ 80 ಆನ್ಯುಟಿಗೆ, ಮೊತ್ತ ತೀರಾ ಸಣ್ಣದಾಗಿದ್ದರೆ ಬೇರೆ ಮಾತು. ಅದರ ಬದಲು ಭಾಗಶಃ ತೆಗೆಯುವ ಅವಕಾಶ ಇದೆ: ನೀವು ಕಟ್ಟಿದ ಹಣದ ಶೇ 25ರವರೆಗೆ, ತೆರಿಗೆ ಇಲ್ಲ. ಶೇ 25 ಅನ್ನುವುದು ಒಟ್ಟು ಮೊತ್ತದ್ದಲ್ಲ, ನೀವು ಹಾಕಿದ ಅಸಲಿನದ್ದು. ಕಂಪನಿ ಹಾಕಿದ್ದು, ಬೆಳೆದ ಲಾಭ ಅದರಲ್ಲಿ ಬರುವುದಿಲ್ಲ.

ಉಳಿದವು, ಬೇಗ ಬೇಗ

ಹಳೇ ಪಿಂಚಣಿ ವ್ಯವಸ್ಥೆಯಲ್ಲಿರುವ ಸರ್ಕಾರಿ ನೌಕರರು ಪಿಂಚಣಿಯ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿ ಇಡಿಗಂಟು ತೆಗೆದರೆ ಅದು ಪೂರ್ತಿ ತೆರಿಗೆ ಮುಕ್ತ. ಖಾಸಗಿ ಕಂಪನಿಯ ಪಿಂಚಣಿಯಲ್ಲಿ ಹಾಗಲ್ಲ. ಗ್ರಾಚ್ಯುಟಿ ಬಂದವರಿಗೆ ಪೂರ್ತಿ ಪಿಂಚಣಿಯ ಇಡಿಗಂಟು ಮೌಲ್ಯದ ಮೂರನೇ ಒಂದು ಭಾಗಕ್ಕೆ, ಬಾರದವರಿಗೆ ಅರ್ಧಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಸರ್ಕಾರಿ ಕೆಲಸದ ಭಾವ ಹೇಳಿದ್ದನ್ನು ಕೇಳಿ ಖಾಸಗಿ ಕೆಲಸದ ನೀವು ಅದೇ ಮಾಡಲು ಹೋಗಬೇಡಿ.

ವಿಮಾ ಕಂಪನಿಗಳ ಪಿಂಚಣಿ ಪಾಲಿಸಿಯನ್ನು ನಡುವೆ ಸರೆಂಡರ್ ಮಾಡುವುದು ಈ ಪಟ್ಟಿಯಲ್ಲೇ ಕೆಟ್ಟ ದಾರಿ. ಪ್ರೀಮಿಯಂಗೆ ತೆರಿಗೆ ರಿಯಾಯಿತಿ ಪಡೆದಿದ್ದರೆ ಸರೆಂಡರ್ ಮೊತ್ತ ಆ ವರ್ಷದ ಆದಾಯವಾಗುತ್ತದೆ. ಮಾಮೂಲಿ ಜೀವವಿಮೆ ಪಾಲಿಸಿ ಹಣಕ್ಕೆ ತೆರಿಗೆ ಇಲ್ಲ ಅಂತ ಕೇಳಿದವರು ಇದಕ್ಕೂ ಇಲ್ಲ ಅಂದುಕೊಂಡಿರುತ್ತಾರೆ.

ಅಮೆರಿಕದಲ್ಲಿ ದುಡಿದು 401ಕೆ ಎಂಬ ನಿವೃತ್ತಿ ಖಾತೆಯನ್ನು ಅಲ್ಲೇ ಬಿಟ್ಟು ಬೆಂಗಳೂರಿಗೆ ವಾಪಸ್ ಬಂದವರಿಗೆ ಎರಡು ದೇಶದ ಲೆಕ್ಕ. ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಅಲ್ಲಿಯ ತೆರಿಗೆ ಜೊತೆಗೆ ಶೇ 10 ದಂಡ. ಅಮೆರಿಕ, ಕೆನಡಾ, ಬ್ರಿಟನ್ ಮೂರು ದೇಶದ ನಿವೃತ್ತಿ ಖಾತೆಗಳಿಗೆ ವರ್ಷವರ್ಷ ಇಲ್ಲಿ ತೆರಿಗೆ ಕಟ್ಟದೆ, ತೆಗೆದಾಗ ಮಾತ್ರ ಕಟ್ಟುವ ಆಯ್ಕೆ ಇದೆ, ಆದರೆ ಅದನ್ನು ಫಾರ್ಮ್ ಹಾಕಿ ಆರಿಸಿಕೊಳ್ಳಬೇಕು. ಇದಕ್ಕೆ ಮಾತ್ರ ದುಡ್ಡು ಕೊಟ್ಟು ಒಳ್ಳೇ ಆಡಿಟರ್ ಹಿಡಿಯಿರಿ.

ತೆಗೆಯುವುದು ಅಂತ ತೀರ್ಮಾನವಾದ ಮೇಲೆ

ಹಣ ಬಂದ ದಿನವೇ ಬಾಕಿ ತೆರಿಗೆ ಲೆಕ್ಕ ಹಾಕಿ, ಅಷ್ಟನ್ನು ಬೇರೆ ಎತ್ತಿಡಿ. ಟಿಡಿಎಸ್ ಕಳೆದು ವರ್ಷಕ್ಕೆ 10,000 ಅಥವಾ ಜಾಸ್ತಿ ತೆರಿಗೆ ಬಾಕಿ ಬರುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ತಡವಾದರೆ ತಿಂಗಳಿಗೆ ಶೇ 1 ಬಡ್ಡಿ. ಅರವತ್ತು ದಾಟಿ, ವ್ಯಾಪಾರ–ವೃತ್ತಿಯ ಆದಾಯ ಇಲ್ಲದವರಿಗೆ ಈ ಮುಂಗಡದ ಕಾಟ ಇಲ್ಲ, ರಿಟರ್ನ್ಸ್ ಹಾಕುವಾಗ ಕಟ್ಟಿದರೆ ಸಾಕು. ಐವತ್ತೆಂಟಕ್ಕೆ ನಿವೃತ್ತರಾದವರು ಇದನ್ನು ತಮಗೂ ಅನ್ವಯ ಅಂದುಕೊಳ್ಳಬೇಡಿ. ಕಂಪನಿಯಲ್ಲಿ ಇನ್ನೂ ಸಂಬಳ ಬರುತ್ತಿದ್ದರೆ ಅಕೌಂಟ್ಸ್‌ನವರಿಗೆ ಈ ಆದಾಯ ತಿಳಿಸಿ, ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ, ತಲೆನೋವು ಕಡಿಮೆ.

ಬಿಲ್ಲು ಈಗಾಗಲೇ ಬಂದಿದ್ದರೆ ಕಟ್ಟುವ ಮೊದಲು ಎರಡು ಸಂಗತಿ ನೋಡಿ. ಎಲ್ಲ ಕೆಲಸ ಸೇರಿ, ಟ್ರಾನ್ಸ್‌ಫರ್ ಆದ ಸರ್ವಿಸ್ ಐದು ವರ್ಷ ಆಗುತ್ತಾ? ಆಗುವುದಾದರೆ ತೆರಿಗೆಯೇ ಇಲ್ಲ, ಸರ್ವಿಸ್ ಹಿಸ್ಟರಿ ಮತ್ತು ಪಾಸ್‌ಬುಕ್ ಇಟ್ಟುಕೊಂಡು ವಿನಾಯಿತಿ ಕೇಳಿ, ಮುರಿದ ಟಿಡಿಎಸ್ ಕೂಡ ವಾಪಸ್ ಬರುತ್ತದೆ. ಎರಡನೆಯದು, ನಿಮ್ಮ ಅಸಲನ್ನೂ ಸೇರಿಸಿ ಪೂರ್ತಿ ಮೊತ್ತಕ್ಕೆ ತೆರಿಗೆ ಹಾಕಿದ್ದಾರಾ? 80ಸಿ ತೆಗೆದುಕೊಳ್ಳದ ವರ್ಷಗಳ ಅಸಲು ಅದರಲ್ಲಿ ಇರಬಾರದು. ಪಿಂಚಣಿ ಬಾಕಿ, ಅಂದರೆ ಅರಿಯರ್ಸ್, ಹಲವು ವರ್ಷದ್ದು ಒಟ್ಟಿಗೆ ಬಂದು ಸ್ಲ್ಯಾಬ್ ಏರಿದವರಿಗೆ ಫಾರ್ಮ್ 10ಇ ಎಂದು ಕರೆಯುತ್ತಿದ್ದ ಪರಿಹಾರ ಇದೆ, ಅದನ್ನು ರಿಟರ್ನ್ಸ್‌ಗಿಂತ ಮೊದಲು ಹಾಕಬೇಕು.

ಎಲ್ಲ ಸರಿಯಿದ್ದು ಕಟ್ಟಲೇಬೇಕು, ಕೈಯಲ್ಲಿ ಅಷ್ಟು ಇಲ್ಲ ಅಂದರೆ ಸುಮ್ಮನೆ ಕೂರಬೇಡಿ. ಡಿಮ್ಯಾಂಡ್ ನೋಟಿಸ್‌ಗೆ ಮೂವತ್ತು ದಿನದ ಗಡುವು, ಆಮೇಲೆ ಮತ್ತೆ ತಿಂಗಳಿಗೆ ಶೇ 1. ಕಂತಿನಲ್ಲಿ ಕಟ್ಟುತ್ತೇನೆ ಅಂತ ಅಧಿಕಾರಿಗೆ ಅರ್ಜಿ ಕೊಡಬಹುದು. ಹಿಂದಿನ ವರ್ಷಗಳಲ್ಲಿ ಪಿಎಫ್ ತೆಗೆದು ತೋರಿಸದೇ ಬಿಟ್ಟವರಿಗೆ ಅಪ್‌ಡೇಟೆಡ್ ರಿಟರ್ನ್ ಇದೆ, ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದು ನಾಲ್ಕು ವರ್ಷದವರೆಗೆ. ಮೊದಲ ವರ್ಷದಲ್ಲಿ ಹಾಕಿದರೆ ತೆರಿಗೆ–ಬಡ್ಡಿಯ ಮೇಲೆ ಶೇ 25 ಹೆಚ್ಚು, ಎರಡನೇ ವರ್ಷ ಶೇ 50, ಮೂರನೇ ವರ್ಷ 60, ನಾಲ್ಕನೆಯದಕ್ಕೆ 70. ಮಾಡುವುದಿದ್ದರೆ ಈ ವರ್ಷವೇ ಮಾಡಿ.